ಏಳು ಗಿಟಾರು, ಒಂದು ಪೆಟ್ಟಿಗೆ

ಮೂರು ಸಲ ಸೋಪು ಹಾಕಿ ತೊಳೆದಿದ್ದರೂ ಬೆರಳ ತುದಿಯಿಂದ ಸೀಸ ಕರಗಿದ ವಾಸನೆ ಹೋಗಿರಲಿಲ್ಲ. ಸಭಾಂಗಣದ ಮೂರನೆಯ ಸಾಲಿನಲ್ಲಿ, ಕೂತರೆ ತಾನೇ ಹಿಂದಕ್ಕೆ ವಾಲುವ ಮೆತ್ತನೆಯ ಕುರ್ಚಿಯಲ್ಲಿ, ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ. ಎಡಕ್ಕೆ ಅಮ್ಮ. ಬಲಕ್ಕೆ ಪತ್ರಿಕೆಗೆ ಸಂಗೀತದ ಬಗ್ಗೆ ಬರೆಯುವ ಒಬ್ಬ ದೊಡ್ಡ ಮನುಷ್ಯರು. ಬಾಗಿಲಲ್ಲಿದ್ದ ಹುಡುಗಿ "ಬನ್ನಿ ಸಾರ್, ಹೀಗೆ ಬನ್ನಿ ಸಾರ್" ಎನ್ನುತ್ತ ಅವರನ್ನು ಹೂವಿನ ಕುಂಡ ಹೊತ್ತು ತಂದ ಹಾಗೆ ತಂದು ಇಟ್ಟುಹೋಗಿದ್ದಳು. ಅವರ ಮೈಯಿಂದ ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು. ಒಳ್ಳೆಯ ಸೋಪಿನವರ ಪಕ್ಕ ಕೂತರೆ ಅವನಿಗೆ ಯಾವಾಗಲೂ ಸಿಟ್ಟು ಬರುತ್ತದೆ, ಪಾಪ ಅವರು ಏನೂ ಮಾಡಿರದಿದ್ದರೂ. ಇವತ್ತು ಬರಲಿಲ್ಲ. ಇವತ್ತು ಅವನ ನಾಲಿಗೆಯ ಕೆಳಗೆ ಒಂದು ಗುಟ್ಟು ಪೆಪ್ಪರಮಿಂಟಿನ ಹಾಗೆ ಕರಗುತ್ತಿತ್ತು.

ವೇದಿಕೆಯ ಮೇಲೆ ಏಳು ಕುರ್ಚಿ, ಏಳು ಎಲೆಕ್ಟ್ರಿಕ್ ಗಿಟಾರು, ಪ್ರತಿಯೊಂದರ ಹಿಂದೆ ಅಂಗಡಿಯಿಂದ ತಂದ ಒಂದೊಂದು ಕರಿಯ ಆಂಪ್ಲಿಫಯರು. ಎಲ್ಲದರ ನಡುವೆ, ಸ್ಟೂಲಿನ ಮೇಲೆ, ಎಂಟನೆಯದು. ಅದು ಅವನದು. ಬೀರುವಿನ ಡ್ರಾಯರನ್ನು ನೆಟ್ಟಗೆ ನಿಲ್ಲಿಸಿ ಮಾಡಿದ ಪೆಟ್ಟಿಗೆ. ಮುಂದೆ ಹಳೆಯ ಪರದೆಯ ಬಟ್ಟೆ. ಹೊಟ್ಟೆಯಲ್ಲಿ ಸತ್ತ ರೇಡಿಯೊ ಒಂದರ ಕರುಳು. ಹದಿನೈದನೆಯ ವಯಸ್ಸಿನಲ್ಲಿ, ಶಾಲೆಯ ಚೀಲವನ್ನು ಮಂಚದ ಕೆಳಗೆ ಒದ್ದು ಮತ್ತೆ ಎತ್ತಿಕೊಳ್ಳದೆ ಹೋದ ವರ್ಷ, ಅಕ್ಕನ ಗಿಟಾರಿಗೆಂದು ಕಟ್ಟಿದ್ದು. ಮೂರನೆಯ ದಿನ ಅದಕ್ಕೆ ಜೀವ ಬಂತು, ಜೀವದ ಜೊತೆಗೇ ಆ ಶಬ್ದವೂ ಬಂತು. ಗುಂಯ್ ಎನ್ನುವ, ನಿಲ್ಲದ, ಒಳಗೆಲ್ಲೋ ಸಣ್ಣಗೆ ನಡುಗುವ ಶಬ್ದ. ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದ್ದ, ಗೊತ್ತಿದ್ದದ್ದು ಬೊಗಸೆಯಷ್ಟು. ಶಬ್ದ ಹೋಗಲಿಲ್ಲ. ಅಕ್ಕ ಗೋಡೆಯ ಆಚೆಯಿಂದ "ಇರಲಿ ಬಿಡೋ ಮೊಂಡ, ಚೆನ್ನಾಗೇ ಇದೆ" ಎಂದಿದ್ದಳು, ನಾಯಿಗೆ ರೊಟ್ಟಿ ಎಸೆದ ಹಾಗೆ. ಹಾಗೆಂದು ಅವನಿಗೆ ಅನಿಸಿತ್ತು. ಅವಳು ಸಂಗೀತ ಕಲಿಯಲು ದೂರ ಹೋದಾಗ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಅದೂ ಕನಿಕರವೇ ಇರಬೇಕು ಎಂದುಕೊಂಡಿದ್ದ. ಹನ್ನೆರಡು ವರ್ಷ ಕಳೆದಿದ್ದವು. ಈಗ ಅವನದೇ ರಿಪೇರಿ ಅಂಗಡಿ ಇದೆ. ಬೇರೆ ಅಂಗಡಿಯವರು ಕೈಬಿಟ್ಟ ಆಂಪ್ಲಿಫಯರುಗಳು ಅವನ ಬೆಂಚಿಗೆ ಬರುತ್ತವೆ. ಆದರೆ ಈ ಒಂದು ಪೆಟ್ಟಿಗೆ ಮಾತ್ರ ಊರೂರು ಸುತ್ತಿಕೊಂಡು ಅವನ ದಡ್ಡತನವನ್ನು ಸಾರುತ್ತಲೇ ಇತ್ತು.

ಸಾರುತ್ತಿತ್ತು. ಇನ್ನು ಸಾರುವುದಿಲ್ಲ. ಇದೇ ಆ ಪೆಪ್ಪರಮಿಂಟು.

ಹೋದ ವಾರ ಅಕ್ಕನ ತಂಡದ ಅಭ್ಯಾಸದ ಕೋಣೆಗೆ ಕೇಬಲ್ಲುಗಳನ್ನು ಕೊಡಲು ಹೋಗಿದ್ದ. ಪೆಟ್ಟಿಗೆ ಗುಂಯ್ಗುಡುತ್ತಿತ್ತು. ಗಿಟಾರು ನುಡಿಸುವ ಏಳು ಜನರಲ್ಲಿ ಒಬ್ಬಳು, ದಪ್ಪ ಕನ್ನಡಕದವಳು, "ಜೇನುಗೂಡು ಎದ್ದಿದೆ, ಯಾರೂ ಕಲ್ಲು ಹೊಡೀಬೇಡ್ರಪ್ಪಾ!" ಎಂದಳು. ಎಲ್ಲರೂ ನಕ್ಕರು. ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು ಸಂಜೆ ಗಿಟಾರು ಹಿಡಿಯುವ ಗುಂಡಗಿನ ಮನುಷ್ಯ, "ಇದನ್ನ ಕಟ್ಟಿದ ಪುಣ್ಯಾತ್ಮ ಯಾರ್ರೀ? ಒಂದ್ಸಲ ಮುಖ ನೋಡ್ಬೇಕು" ಎಂದ. ಅಕ್ಕ ತಮ್ಮನ ಕಡೆ ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ತುಟಿಯ ಮೂಲೆಯಲ್ಲಿ ನಕ್ಕಳು. ಹೆಸರು ಹೇಳಲಿಲ್ಲ. ಬಾಗಿಲ ಹತ್ತಿರ ಕೇಬಲ್ಲಿನ ಸುರುಳಿ ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತವನ ಕಿವಿಯ ಬುಡ ಕೆಂಪಾಯಿತು. "ಕೊಡು ಅಕ್ಕಾ ಅದನ್ನ, ಅರ್ಧ ಗಂಟೇಲಿ ಸರಿ ಮಾಡ್ಕೊಡ್ತೀನಿ" ಎಂದ, ಆದಷ್ಟು ಹಗುರವಾಗಿ. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಎಂದಳು ಅಕ್ಕ. ಏಳು ಜನರೆದುರು. ಇಪ್ಪತ್ತೇಳು ವರ್ಷದ ಗಂಡಸಿಗೆ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನು ಉತ್ತರಗಳನ್ನು ಹೊಸೆದ. ಒಂದಕ್ಕಿಂತ ಒಂದು ಚೂಪು, ಎಲ್ಲವೂ ಹೊತ್ತು ಮೀರಿದವು.

ಇವತ್ತು ಮಧ್ಯಾಹ್ನ, ಎಲ್ಲವನ್ನೂ ಒಮ್ಮೆ ಹಚ್ಚಿ ಪರೀಕ್ಷೆ ಮಾಡಿ ಅವರು ಊಟಕ್ಕೆ ಹೊರಟಾಗ, "ಬಾರೋ ನೀನೂ" ಎಂದಳು ಅಕ್ಕ. "ಹಸಿವಿಲ್ಲ, ಸಾಮಾನು ನೋಡ್ಕೊಂಡಿರ್ತೀನಿ." ಖಾಲಿ ಸಭಾಂಗಣದಲ್ಲಿ ಸ್ಟೂಲಿನ ಮುಂದೆ ಕೂತು ಪೆಟ್ಟಿಗೆಯ ಬೆನ್ನು ಬಿಚ್ಚಿದ. ಒಳಗೆ ನೋಡಿದರೆ ತನ್ನದೇ ಹಳೆಯ ಕೋಳಿಕಾಲಿನ ಅಕ್ಷರ ನೋಡಿದಷ್ಟು ನಾಚಿಕೆ. ಬೆಸುಗೆಯೆಲ್ಲ ಹಕ್ಕಿ ಹಿಕ್ಕೆಯ ಹಾಗೆ ಉಂಡೆಯುಂಡೆ. ಒಂದೇ ಕಡೆ ಕಟ್ಟಬೇಕಾದ ಅರ್ಥಿಂಗ್ ತಂತಿಯನ್ನು ಆ ಹುಡುಗ ಎರಡೂ ತುದಿಗೆ ಕಟ್ಟಿದ್ದ. ಒಂದಕ್ಕಿಂತ ಎರಡು ಭದ್ರ ಅಂದುಕೊಂಡಿರಬೇಕು ಬಡ್ಡೀಮಗ. ಕಂಡೆನ್ಸರು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಇಷ್ಟೇ. ಹನ್ನೆರಡು ವರ್ಷದ ಅವಮಾನದ ಮೂಲ ಇಷ್ಟೇ. ಹಳೆಯ ಸೀಸವನ್ನೆಲ್ಲ ಕರಗಿಸಿ ಹೀರಿ ತೆಗೆದ, ತಂತಿಯ ಒಂದು ತುದಿ ಕತ್ತರಿಸಿದ, ಹೊಸ ಕಂಡೆನ್ಸರು ಹಾಕಿದ. ಸ್ವಿಚ್ಚು ಒತ್ತಿ ಕಿವಿಯನ್ನು ಬಟ್ಟೆಗೆ ಆನಿಸಿದ. ಏನೂ ಇಲ್ಲ. ತೊಳೆದಿಟ್ಟ ಸ್ಲೇಟಿನಂಥ ಮೌನ. ಅವನಿಗೆ ಅಳು ಬಂದಂತಾಯಿತು, ಕೆಮ್ಮಿ ನುಂಗಿಕೊಂಡ.

"ಏನೋ ಬರೆದಿದಾರಲ್ಲೋ ಇದರಲ್ಲಿ, ಓದು," ಎಂದು ಅಮ್ಮ ಬಾಗಿಲಲ್ಲಿ ಕೊಟ್ಟ ಹಾಳೆಯನ್ನು ಅವನ ಮಡಿಲಿಗೆ ಹಾಕಿದಳು. "ಕನ್ನಡಕ ಮನೇಲೇ ಬಿಟ್ಟು ಬಂದೆ."

"ಆಮೇಲೆ ಓದ್ತೀನಮ್ಮಾ."

"ಆಮೇಲೆ ಓದೋಕೆ ಅದೇನು ಮದುವೆ ಕರೆಯೋಲೆಯೇನೋ? ಈಗ ಓದು. ನನ್ನ ಮಗಳು ಬರೆದಿದಾಳೆ."

ಜೋರಾಗಿ ಓದುವುದೆಂದರೆ ಅವನಿಗೆ ಈಗಲೂ ಬೆನ್ನು ಬೆವರುತ್ತದೆ. ಒಂಬತ್ತನೆಯ ತರಗತಿಯ ಮೇಷ್ಟ್ರು ಎದ್ದು ನಿಲ್ಲಿಸಿ ಓದಿಸುತ್ತಿದ್ದರು. ಅವನು ಎಡವಿದಲ್ಲೆಲ್ಲ ಬೆತ್ತದಿಂದ ಮೇಜಿನ ಮೇಲೆ ಟಕ್ ಎನ್ನಿಸುತ್ತಿದ್ದರು, ತಾಳ ಹಾಕುವವರ ಹಾಗೆ. ಪಕ್ಕದ ಸೋಪಿನವರು ಕೇಳಿಸಿಕೊಳ್ಳದಿರಲಿ ಎಂದು ಅಮ್ಮನ ಕಿವಿಗೆ ಬಾಗಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. "ಏಳು ಎಲೆಕ್ಟ್ರಿಕ್ ಗಿಟಾರುಗಳಿಗಾಗಿ ಬರೆದ ಈ ಕೃತಿ ನಲವತ್ತು ನಿಮಿಷದ್ದು. ಕೊನೆಯ ಏಳು ನಿಮಿಷ ಗಿಟಾರುಗಳೆಲ್ಲ ಸುಮ್ಮನಾಗುತ್ತವೆ. ಉಳಿಯುವುದು..." ಅಲ್ಲಿಗೆ ಕಣ್ಣು ಮುಂದೆ ಓಡಿತು, ಬಾಯಿ ನಿಂತಿತು. "ಉಳಿಯುವುದು?" ಎಂದಳು ಅಮ್ಮ. "ಉಳಿಯುವುದು... ಮನೆಯಲ್ಲಿ ಕಟ್ಟಿದ ಒಂದು ಆಂಪ್ಲಿಫಯರಿನ ಗುಂಯ್ಗುಡುವ ನಾದ ಮಾತ್ರ. ಅದನ್ನು ನನ್ನ ತಮ್ಮ ಹದಿನೈದನೆಯ ವಯಸ್ಸಿನಲ್ಲಿ ಕಟ್ಟಿದ. ಗೋಡೆಯ ಆಚೆ ಆ ನಾದ ಕೇಳುತ್ತ ಮಲಗಿದ ದಿನಗಳಿಂದಲೇ ಈ ಕೃತಿ ಹುಟ್ಟಿತು. ಏಳು ಗಿಟಾರುಗಳ ತಂತಿಗಳನ್ನೂ ಆ ನಾದಕ್ಕೇ ಶ್ರುತಿ ಮಾಡಲಾಗಿದೆ. ಇದು ಅವನಿಗೆ. ಅವನಿಗೆ ಇದಿನ್ನೂ ಗೊತ್ತಿಲ್ಲ."

ಅಮ್ಮ ಅವನ ಮೊಣಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. "ನೋಡಿದ್ಯಾ," ಎಂದಳು, "ನೋಡಿದ್ಯಾ. ಯಾವಾಗ್ಲೂ ಅವಳ ಮೇಲೆ ಉರೀತಿದ್ದೆ." ಅವನು ತಲೆಯೆತ್ತಿದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ಐದು ನಿಮಿಷ ಸಾಕು. ಹೇಳಿದರೆ ಸಾಕು, ಅಕ್ಕ ಏನಾದರೂ ಮಾಡುತ್ತಾಳೆ, ಕೊನೆಯನ್ನು ಬದಲಿಸುತ್ತಾಳೆ, ಜನಕ್ಕೆ ಹತ್ತು ನಿಮಿಷ ತಡ ಎನ್ನುತ್ತಾಳೆ, ಬೈಯುತ್ತಾಳೆ, ಹೊಡೆಯಲಿ ಬೇಕಾದರೆ. ಎದ್ದ. ಸಾಲಿನಲ್ಲಿದ್ದವರ ಮೊಣಕಾಲುಗಳಿಗೆ ತಾಗುತ್ತ, ಕ್ಷಮಿಸಿ ಕ್ಷಮಿಸಿ ಎನ್ನುತ್ತ, ವೇದಿಕೆಯ ಪಕ್ಕದ ಬಾಗಿಲಿಗೆ ಬಂದ. ಅದೇ ಹುಡುಗಿ ನಿಂತಿದ್ದಳು. "ಕಲಾವಿದರು ಬಿಟ್ರೆ ಯಾರೂ ಒಳಗೆ ಹೋಗೋ ಹಾಗಿಲ್ಲ."

"ನಾನು..." ತಮ್ಮ ಎನ್ನಬೇಕಿತ್ತು. "ನಾನು ರಿಪೇರಿಯವನು."

"ರಿಪೇರಿ ಏನಾದ್ರೂ ಇದ್ರೆ ಅವರೇ ಕರೀತಾರೆ ಬಿಡಿ."

ಬಾಗಿಲ ಸಂದಿಯಿಂದ ಅಕ್ಕ ಕಾಣಿಸುತ್ತಿದ್ದಳು, ಹತ್ತು ಹೆಜ್ಜೆ ದೂರ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂದಲು ಕಟ್ಟುತ್ತ ಕನ್ನಡಕದವಳ ಮಾತಿಗೆ ನಗುತ್ತಿದ್ದಳು. ಸುತ್ತ ಏಳೂ ಜನ. ಬ್ಯಾಂಕಿನವನು ಬೆರಳುಗಳ ನೆಟಿಕೆ ತೆಗೆಯುತ್ತಿದ್ದ. ಒಂದು ಸಲ ಅಕ್ಕಾ ಎಂದರೆ ಸಾಕಿತ್ತು. ಅವಳ ಕಿವಿ ಎಂಥದು, ಪಿಸುಗುಟ್ಟಿದರೂ ತಿರುಗುತ್ತಿದ್ದಳು. ಆದರೆ ತಿರುಗಿದರೆ ಏಳು ಮುಖಗಳೂ ತಿರುಗುತ್ತವೆ. ಆ ಏಳು ಮುಖಗಳೆದುರು, ಬೇಡ ಅಂದರೂ ಮುಟ್ಟಿದೆ, ಹಾಳು ಮಾಡಿದೆ ಎಂದು ಹೇಳಬೇಕು. ಹಾಳು ಮಾಡಲಿಲ್ಲ ಸರಿ ಮಾಡಿದೆ ಎಂದು ಹೇಳಬೇಕು. ಎರಡೂ ಮಾತು ಒಂದೇ ಸಲ ಗಂಟಲಿಗೆ ಬಂದು ಇಕ್ಕಟ್ಟು ಬಾಗಿಲಲ್ಲಿ ಇಬ್ಬರು ದಪ್ಪನೆಯವರು ಸಿಕ್ಕಿಹಾಕಿಕೊಂಡ ಹಾಗೆ ಸಿಕ್ಕಿಕೊಂಡವು. ಹುಡುಗಿಗೆ ಅವನ ಮುಖ ನೋಡಿ ಏನನಿಸಿತೋ, ದನಿ ಮೆತ್ತಗೆ ಮಾಡಿ, "ಏನಾದ್ರೂ ಹೇಳ್ಬೇಕಾ ಸಾರ್ ಅವರಿಗೆ? ನಾನು ಹೇಳ್ತೀನಿ" ಎಂದಳು. ಕೇಳಿದಳು ಅವಳು. ಬಾಯಿಬಿಟ್ಟು ಕೇಳಿದಳು. ಮುಂದೆ ಎಷ್ಟೋ ದಿನ, ಬೆಂಚಿನ ಮೇಲೆ ಯಾವುದೋ ಮೋಟಾರನ್ನು ಬಿಚ್ಚುತ್ತಿರುವಾಗ ಆ ಪ್ರಶ್ನೆ ಬಂದು ಅವನ ಕತ್ತು ಹಿಡಿಯಲಿತ್ತು.

"ಏನಿಲ್ಲ," ಎಂದ. "ಆಲ್ ದಿ ಬೆಸ್ಟ್ ಹೇಳಿ. ಅಷ್ಟೇ."

ಮತ್ತೆ ಮೊಣಕಾಲುಗಳು, ಮತ್ತೆ ಕ್ಷಮಿಸಿ. "ಹೊಟ್ಟೆ ಸರಿ ಇಲ್ವೇನೋ?" ಎಂದಳು ಅಮ್ಮ. ದೀಪ ಆರಿತು.

ಏಳು ಜನ ಬಂದು ಕೂತರು. ಅಕ್ಕ ಅವರ ಎದುರಿಗೆ ನಿಂತು ಕೈ ಎತ್ತಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಬ್ಯಾಂಕಿನವನು ಪೆನ್ಸಿಲಿನಿಂದ ತಂತಿಯನ್ನು ಒಮ್ಮೆ ಬಡಿದ. ತಟ್ಟೆ ಬಿದ್ದ ಹಾಗೆ. ಇನ್ನೊಬ್ಬ ಬಣ್ಣ ಹೊಡೆಯುವ ಕುಂಚವನ್ನು ತಂತಿಗಳ ಮೇಲೆ ಎಳೆದ. ಇನ್ನೊಬ್ಬಳು ಗಿಟಾರಿನ ಬುರುಡೆಯನ್ನು ತನ್ನ ಆಂಪ್ಲಿಫಯರಿಗೆ ತಾಗುವಷ್ಟು ಹತ್ತಿರ ತಂದಳು, ಅದು ದೂರದ ಕಾರ್ಖಾನೆಯ ಸಿಳ್ಳಿನ ಹಾಗೆ ಕೂಗತೊಡಗಿತು. ಅಮ್ಮ ಅವನ ಕಿವಿಗೆ ಬಾಗಿದಳು. "ಶುರುವಾಯ್ತೋ, ಇನ್ನೂ ಸರಿ ಮಾಡ್ಕೊಳ್ತಿದಾರೋ?" "ಶುರುವಾಗಿದೆ ಅಮ್ಮಾ." "ಓ," ಎಂದು ಅಮ್ಮ ಸೆರಗು ಸರಿಮಾಡಿಕೊಂಡು, ಆಸ್ಪತ್ರೆಯಲ್ಲಿ ಡಾಕ್ಟರ ಮಾತು ಕೇಳುವಾಗಿನ ಮುಖ ಮಾಡಿಕೊಂಡು ಕೂತಳು. ಪಕ್ಕದವರು ಪುಸ್ತಕ ತೆಗೆದು ಕತ್ತಲಲ್ಲೇ ಏನೋ ಗೀಚಿದರು. ಬೇರೆ ದಿನವಾಗಿದ್ದರೆ ಅವನಿಗೆ ನಗು ಬರುತ್ತಿತ್ತು, ಅಥವಾ ರೋಷ. ಅಕ್ಕ ಓದಿ ಓದಿ ಕಲಿತು ಬಂದದ್ದು ಇದನ್ನೇ, ಪಾತ್ರೆ ತೊಳೆಯುವ ಸದ್ದನ್ನು? ಹಿಂದೆ ಒಂದು ಸಲ ಹಾಗೆಂದೇ ಹೇಳಿದ್ದ, ಮನೆಯಲ್ಲಿ ಎಲ್ಲರ ಮುಂದೆ. ಅಕ್ಕ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಕೈತೊಳೆದು, ಎದ್ದು ಹೋಗಿದ್ದಳು. ಆ ಬೆನ್ನು ಈಗ ಅವನ ಎದುರಿಗಿತ್ತು, ಎತ್ತಿದ ಕೈಯ ಜೊತೆಗೆ ಸಣ್ಣಗೆ ಏಳುತ್ತ ಇಳಿಯುತ್ತ.

ಹತ್ತು ನಿಮಿಷವಾಗಿರಬೇಕು. ಬಡಿಯುವ ಸದ್ದುಗಳು ತೆಳುವಾಗಿ, ಏಳು ಗಿಟಾರುಗಳೂ ಉದ್ದುದ್ದ ಎಳೆಯತೊಡಗಿದವು. ಆಗ ಅವನ ಕತ್ತಿನ ಕೂದಲು ನಿಮಿರಿದವು. ಎಲ್ಲವೂ ಒಂದು ಸ್ವರದ ಹತ್ತಿರ ಹತ್ತಿರ ಬರುತ್ತಿದ್ದವು. ಒಂದು ಅದರ ಮೇಲಿಂದ ಜಾರಿ ಬಂತು, ಇನ್ನೊಂದು ಕೆಳಗಿಂದ ಹತ್ತಿತು. ಹತ್ತಿರ ಬಂದು, ಕೂದಲೆಳೆಯಷ್ಟು ಜಾಗ ಬಿಟ್ಟು, ತಾಗದೆ ಸುತ್ತುವರಿದು ನಿಂತವು. ನಡುವೆ ಖಾಲಿ. ಆ ಖಾಲಿ ಅವನಿಗೆ ಗೊತ್ತಿತ್ತು. ಯಾವ ಹಾರ್ಮೋನಿಯಮ್ಮಿನಲ್ಲೂ ಇಲ್ಲದ, ಎರಡು ಮನೆಗಳ ನಡುವಿನ ಸಂದಿಯಲ್ಲಿ ಬಿದ್ದ ಸ್ವರ ಅದು. ಹದಿನೈದನೆಯ ವಯಸ್ಸಿನಲ್ಲಿ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡು, ಇನ್ನು ಶಾಲೆಗೆ ಹೋಗುವುದಿಲ್ಲ, ಇನ್ನು ಯಾರೂ ನನ್ನನ್ನು ನಿಲ್ಲಿಸಿ ಓದಿಸುವುದಿಲ್ಲ ಎಂದು ಯೋಚಿಸುತ್ತ ಕೇಳಿದ ಶಬ್ದ. ಗೋಡೆಯ ಆಚೆ ಅಕ್ಕ ಗಿಟಾರನ್ನು ಅದಕ್ಕೆ ಹೊಂದಿಸಲು ನೋಡುತ್ತಿದ್ದಳಲ್ಲವೆ? ಒಂದು ತಂತಿ ಮೇಲೆ, ಕೆಳಗೆ, ಮೇಲೆ. ಅವನು ಅಂದುಕೊಂಡಿದ್ದ, ಅವಳು ತನ್ನ ಪೆಟ್ಟಿಗೆಯನ್ನು ಆಡಿಕೊಳ್ಳುತ್ತಿದ್ದಾಳೆ ಎಂದು. ಎದ್ದು ಗೋಡೆಗೆ ಚಪ್ಪಲಿ ಎಸೆದಿದ್ದ. ಹನ್ನೆರಡು ವರ್ಷ ಅವಳು ಒಂದು ಶಬ್ದವನ್ನು ಎದೆಗೆ ಕಟ್ಟಿಕೊಂಡು ತಿರುಗಿದ್ದಾಳೆ, ಅದರ ಸುತ್ತ ಗೋಡೆ ಎಬ್ಬಿಸಿದ್ದಾಳೆ, ಬಾಗಿಲು ಕಿಟಕಿ ಇಟ್ಟಿದ್ದಾಳೆ, ಏಳು ಜನರನ್ನು ಕಾವಲು ನಿಲ್ಲಿಸಿದ್ದಾಳೆ. ಮನೆಯೊಳಗೆ ಇರಬೇಕಾದವನನ್ನು ಅವನು ಮಧ್ಯಾಹ್ನ ಇಪ್ಪತ್ತು ನಿಮಿಷದಲ್ಲಿ ಸಾಯಿಸಿ ಕೈತೊಳೆದು ಬಂದು ಕೂತಿದ್ದ.

ಈಗಲೂ ಎದ್ದು ಕೂಗಬಹುದಿತ್ತು. ನಿಲ್ಲಿಸಿ ಎನ್ನಬಹುದಿತ್ತು. ಜನ ಹುಚ್ಚ ಎನ್ನುತ್ತಿದ್ದರು, ಅನ್ನಲಿ. ಅವನು ಕುರ್ಚಿಯ ಕೈಹಿಡಿ ಹಿಡಿದು ಏಳುವಷ್ಟು ಬಾಗಿದ್ದೂ ಹೌದು. "ಏನೋ, ಹೊರಗೆ ಹೋಗ್ಬೇಕೇನೋ?" ಎಂದಳು ಅಮ್ಮ, ಹಿಂದಿನ ಸಾಲಿನವರು ಶ್ ಎಂದರು. ಆ ಒಂದು ಶ್ ಸಾಕಾಯಿತು. ಕೂತುಬಿಟ್ಟ. ಬೀದಿಯಲ್ಲಿ, ಅಂಗಡಿಯಲ್ಲಿ, ಗಿರಾಕಿಗಳ ಮೇಲೆ, ದೊಡ್ಡ ಮನುಷ್ಯರ ಮೇಲೆ ಬೆಂಕಿಯುಗುಳುವವನು ಒಂದು ಶ್‌ಗೆ ಕೂತುಬಿಟ್ಟ. ಆಮೇಲೆ ಅವನು ಮಾಡಿದ್ದೆಂದರೆ ಬೇಡಿಕೊಂಡದ್ದು. ಕರೆಂಟು ಹೋಗಲಿ ಎಂದು ಬೇಡಿಕೊಂಡ. ಹೊಸ ಕಂಡೆನ್ಸರು ಸಿಡಿಯಲಿ, ಬೆಸುಗೆ ಬಿಡಲಿ ಎಂದು ಬೇಡಿಕೊಂಡ. ಬಿಡುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಜನ್ಮದಲ್ಲಿ ಅಷ್ಟು ನೀಟಾದ ಕೆಲಸ ಅವನ ಕೈಯಿಂದ ಆಗಿರಲಿಲ್ಲ.

ಮೂವತ್ತಮೂರನೆಯ ನಿಮಿಷಕ್ಕೆ ಗಿಟಾರುಗಳು ಒಂದೊಂದಾಗಿ ನಿಂತವು. ನಿಂತವರು ಅಂಗೈಯನ್ನು ತಂತಿಗಳ ಮೇಲೆ ಹರಡಿ ತಲೆತಗ್ಗಿಸಿದರು. ಕೊನೆಯದಾಗಿ ಕನ್ನಡಕದವಳು ನಿಂತಳು. ಅಕ್ಕ ನಾಲ್ಕು ಹೆಜ್ಜೆ ನಡೆದು ಸ್ಟೂಲಿನ ಹತ್ತಿರ ಹೋಗಿ ಪೆಟ್ಟಿಗೆಯ ಸ್ವಿಚ್ಚು ಒತ್ತಿದಳು. ಪುಟ್ಟ ಕೆಂಪು ದೀಪ ಹತ್ತಿತು. ಅವಳು ಗುಂಡಿಯನ್ನು ತಿರುಗಿಸಿದಳು, ನಿಧಾನ, ಹಾಲು ಉಕ್ಕದಂತೆ ಉರಿ ಏರಿಸುವವರ ಹಾಗೆ. ಏನಿಲ್ಲ. ಇನ್ನಷ್ಟು. ಏನಿಲ್ಲ. ಕೊನೆಯವರೆಗೆ ತಿರುಗಿಸಿದಳು. ಬ್ಯಾಂಕಿನವನು ತಲೆಯೆತ್ತಿ, ಪ್ಲಗ್ಗು ನೋಡಲೆಂದು ಅರ್ಧ ಎದ್ದ. ಅಕ್ಕ ಕಣ್ಣಿನಲ್ಲೇ ಕೂರಿಸಿದಳು. ಮಂಡಿಯೂರಿ ಕೂತು ಬಟ್ಟೆಗೆ ಕಿವಿ ಇಟ್ಟಳು, ಮಧ್ಯಾಹ್ನ ಅವನು ಇಟ್ಟ ಹಾಗೆಯೇ. ಎಷ್ಟು ಹೊತ್ತೋ. ಆಮೇಲೆ ಅವಳ ಕೈ ಪೆಟ್ಟಿಗೆಯ ಹಿಂಬದಿಗೆ ಹೋಯಿತು, ಬೆರಳು ಒಂದು ಸ್ಕ್ರೂವಿನ ತಲೆಯ ಮೇಲಿನ ಹೊಸ ಗೀರನ್ನು ಸವರಿತು, ಅಲ್ಲೇ ನಿಂತಿತು. ಅವಳಿಗೆ ಗೊತ್ತಾಯಿತು. ಅವನಿಗೆ ಗೊತ್ತಾಯಿತು, ಅವಳಿಗೆ ಗೊತ್ತಾಯಿತೆಂದು. ಅವಳು ಮೂರನೆಯ ಸಾಲಿನ ಕಡೆ ನೋಡಲಿಲ್ಲ. ಎದ್ದು ನಿಂತು, ಗಡಿಯಾರ ಕಟ್ಟಿದ ಕೈಯನ್ನು ಮುಂದೆ ಹಿಡಿದು, ಉಳಿದ ನಿಮಿಷಗಳಷ್ಟೂ ಹಾಗೇ ನಿಂತಳು. ಯಾರೋ ಕೆಮ್ಮಿದರು. ಯಾರದೋ ಕುರ್ಚಿ ಕಿರುಗುಟ್ಟಿತು. ಪಕ್ಕದ ದೊಡ್ಡ ಮನುಷ್ಯರು ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿ, ತಲೆದೂಗುತ್ತಿದ್ದರು.

ಚಪ್ಪಾಳೆ ಬಹಳ ಹೊತ್ತು ಬಿತ್ತು. ದೀಪ ಹತ್ತಿದ ಮೇಲೆ ದೊಡ್ಡ ಮನುಷ್ಯರು ಅಪರಿಚಿತನಾದ ಅವನ ಕೈಯನ್ನೇ ಹಿಡಿದು ಕುಲುಕಿದರು. "ಎಂಥ ಸೂಕ್ಷ್ಮ ಕಣ್ರೀ! ಮೊದಲ ಎರಡು ನಿಮಿಷ ನನಗೇ ಹಿಡೀಲಿಲ್ಲ. ಆಮೇಲೆ ನೋಡಿ, ಆ ನಾದ ಗೋಡೆಯಿಂದ, ನೆಲದಿಂದ, ಎಲ್ಲ ಕಡೆಯಿಂದ ಬರೋಕೆ ಶುರುವಾಯ್ತು. ನಿಮಗೆ ಕೇಳಿಸ್ತಲ್ವಾ?" ಅವನು ಹೌದು ಎಂದ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕೇಳಿಸ್ತು ಕಣೋ ನಿನ್ನ ಪೆಟ್ಟಿಗೆ. ಎಷ್ಟು ಚೆನ್ನಾಗಿತ್ತು. ಮೊದಲಿಂದಲೂ ನನಗೆ ಆ ಶಬ್ದ ಇಷ್ಟ" ಎಂದಳು. ಮೊದಲೆಲ್ಲ ಅವಳೇ ಒಲೆಯ ಮುಂದಿನಿಂದ ಆ ದರಿದ್ರ ಆರಿಸೋ ಎಂದು ಕೂಗುತ್ತಿದ್ದದ್ದು. ಸುಳ್ಳಲ್ಲ ಅದು, ಅವಳಿಗೆ ನಿಜವಾಗಿಯೂ ಕೇಳಿಸಿದೆ. ಅದೇ ಅವನನ್ನು ಹಿಂಡಿತು.

ಒಳಗಿನ ಕೋಣೆಯಲ್ಲಿ ಜನವೋ ಜನ. ಅಕ್ಕ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದಳು. ಅವನು ಗೋಡೆಗಂಟಿ ನಿಂತದ್ದು ನೋಡಿ, "ಇವನೇ ನನ್ನ ತಮ್ಮ" ಎಂದಳು. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಬ್ಯಾಂಕಿನವನು ಬಂದು ಎರಡೂ ಕೈ ಹಿಡಿದುಕೊಂಡ. "ನಿಮ್ಮ ಮುಖ ನೋಡ್ಬೇಕು ನೋಡ್ಬೇಕು ಅಂತ ಎಷ್ಟು ದಿನದಿಂದ... ಕೇಬಲ್ ತಂದುಕೊಡ್ತಿದ್ದೋರು ನೀವೇನಾ! ಅಕ್ಕಾ ಅಂತಿದ್ದದ್ದು ಬರೀ ಸಲಿಗೆಗೆ ಅಂದ್ಕೊಂಡಿದ್ವಿ. ಇವಳು ನಮಗೂ ಹೇಳಿರ್ಲಿಲ್ಲ, ಕಳ್ಳಿ." ಕನ್ನಡಕದವಳ ಕಣ್ಣು ಒದ್ದೆಯಾಗಿತ್ತು. ಮೆಲ್ಲಗೆ ಹೇಳಿದಳು, "ಜೇನುಗೂಡು ಇವತ್ತೇ ಮುನಿಸ್ಕೊಂಡುಬಿಡ್ತು ನೋಡಿ. ಅದರ ಮುಂದೆ ಕೂತೇ ನಾವೆಲ್ಲ ಶ್ರುತಿ ಕಲಿತಿದ್ದು. ನಮಗೆ ಅದು ಅಂದ್ರೆ ಪ್ರಾಣ." ಅವಳ ಹೋದ ವಾರದ ನಗು ನೆನಪಾಯಿತು. ಅದೇ ನಗು, ಅದೇ ಬಾಯಿ. ಕೇಳಿದ ಕಿವಿ ಮಾತ್ರ ಬೇರೆ ಏನನ್ನೋ ಕೇಳಿತ್ತು.

ಎಲ್ಲರೂ ಹೋದ ಮೇಲೆ, ಅಮ್ಮನನ್ನು ಬ್ಯಾಂಕಿನವನ ಕಾರಿನಲ್ಲಿ ಮನೆಗೆ ಕಳಿಸಿ, ಅಕ್ಕ ಬಾಗಿಲು ಹಾಕಿ ಕುರ್ಚಿಯಲ್ಲಿ ಕೂತಳು. ಪೆಟ್ಟಿಗೆ ಮೇಜಿನ ಮೇಲಿತ್ತು. ಕಿಟಕಿಯಿಂದ ಸಂಜೆಯ ಬಿಸಿಲು ಅಡ್ಡಕ್ಕೆ ಬಿದ್ದಿತ್ತು.

"ಯಾವಾಗ?"

"ನೀವು ಊಟಕ್ಕೆ ಹೋದಾಗ."

"ಮುಟ್ಬೇಡ ಅಂದಿದ್ದೆ."

"ನಗ್ತಿದ್ರು ಅಕ್ಕಾ ಎಲ್ಲಾ. ನೀನೂ ನಗ್ತಿದ್ದೆ."

"ನಗ್ತಿದ್ದೆ." ಅವಳು ಹೂಂಗುಟ್ಟಿದಳು. "ಇವನಿಗೆ ಭಾನುವಾರ ಹೇಳ್ತೀನಲ್ಲ, ಮುಖ ಹೇಗಾಗುತ್ತೋ ನೋಡೋಣ ಅಂತ ನಗ್ತಿದ್ದೆ. ಹಾಳೆ ಓದಿದ್ಯಾ?"

"ಓದ್ದೆ. ಅಮ್ಮಂಗೆ ಓದಿ ಹೇಳ್ದೆ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಅವನಿಗೆ ಸುಳ್ಳು ಹೇಳುವಷ್ಟೂ ತ್ರಾಣ ಇರಲಿಲ್ಲ. "ಶುರುವಾಗೋಕೆ ಮುಂಚೆ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಆ ದಿನ ಅವಳು ಅವನನ್ನು ಸರಿಯಾಗಿ ನೋಡಿದ್ದು ಅದೊಂದೇ ಸಲ. "ಆ ಬಾಗಿಲ ಹುಡುಗಿ ಬಂದು ಹೇಳಿದ್ಳು," ಎಂದಳು, "ಯಾರೋ ರಿಪೇರಿಯವರು ಆಲ್ ದಿ ಬೆಸ್ಟ್ ಹೇಳಿದ್ರು ಅಂತ. ನೀನೇ ಅಂತ ಗೊತ್ತಾಯ್ತು. ಖುಷಿಯಾಯ್ತು ನನಗೆ." ಅದರಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನೀನು ಮೊದಲೇ ಹೇಳಿದ್ದರೆ ಎನ್ನಬಹುದಿತ್ತು, ಯಾವಾಗಲೂ ನೀನೇ ದೊಡ್ಡವಳು ಎನ್ನಬಹುದಿತ್ತು. ಇಪ್ಪತ್ತು ವರ್ಷದಿಂದ ಹರಿತ ಮಾಡಿಟ್ಟ ಮಾತುಗಳೆಲ್ಲ ಇದ್ದವು, ಹಿಡಿಯುವ ಕೈ ಇರಲಿಲ್ಲ. "ಆ ಶಬ್ದದ ರೆಕಾರ್ಡಿಂಗ್ ಇಲ್ವಾ ಅಕ್ಕಾ?" ಎಂದ, ಹುಲ್ಲುಕಡ್ಡಿ ಹಿಡಿದವನ ಹಾಗೆ.

"ಇದೆ. ಫೋಟೋ ಇಟ್ಕೊಂಡು ಸಂಸಾರ ಮಾಡ್ತಾರೇನೋ?" ಎಂದಳು. ಆಮೇಲೆ, "ಮತ್ತೆ ಮೊದಲಿನ ಹಾಗೇ ಕಟ್ಟೋಕಾಗುತ್ತಾ?"

"ಆಗುತ್ತೆ," ಎಂದ. ತಕ್ಷಣ ಎಂದ. ಯಾವ ಗಿರಾಕಿ ಕೇಳಿದರೂ ಹೇಳುವ ಹಾಗೆ.

ಕಸದ ಬುಟ್ಟಿಯನ್ನು ಮೂಲೆಯಲ್ಲಿ ಬೋರಲು ಹಾಕಿ, ಕಾಫಿ ಲೋಟಗಳ ನಡುವಿನಿಂದ, ಮಧ್ಯಾಹ್ನ ತಾನೇ ಎಸೆದಿದ್ದ ಹಳೆಯ ಕಂಡೆನ್ಸರನ್ನೂ ತಂತಿಯ ತುಂಡನ್ನೂ ಹುಡುಕಿ ತೆಗೆದ. ಚೀಲದಿಂದ ಬೆಸುಗೆಯ ಕಡ್ಡಿ ತೆಗೆದು ಕಾಯಿಸಿದ. ಹಳೆಯದನ್ನು ಹಳೆಯ ಜಾಗಕ್ಕೇ ಕೂರಿಸಿದ, ತಂತಿಯನ್ನು ಎರಡೂ ತುದಿಗೆ ಕಟ್ಟಿದ. ಹಚ್ಚಿದ. ಗುಂಯ್ ಎಂದಿತು. ಅಕ್ಕ ಬಂದು ಕಿವಿ ಇಟ್ಟಳು. "ಇದಲ್ಲ." ಅವನಿಗೂ ಗೊತ್ತಿತ್ತು ಇದಲ್ಲ ಎಂದು. ಇದು ಯಾವ ಅಂಗಡಿಯ ಮುಂದೆ ನಿಂತರೂ ಕೇಳುವ ಸಾದಾ ಗುಂಯ್. ಬೆಸುಗೆ ಬಿಚ್ಚಿದ. ಇನ್ನೂ ದೊಡ್ಡ ಉಂಡೆ ಮಾಡಿ, ಸೀಸ ಆರುವ ಮುಂಚೆ ಬೇಕೆಂದೇ ಕೈ ಅಲುಗಿಸಿ ಹಾಕಿದ. "ಇದೂ ಅಲ್ಲ." ತಂತಿಯನ್ನು ಅಡ್ಡಾದಿಡ್ಡಿ ಎಳೆದ. ಎಲ್ಲಿ ಸೀಸ ಹಿಡಿದಿತ್ತು, ಎಲ್ಲಿ ಬರೀ ತಾಗಿಕೊಂಡಿತ್ತು, ಎಲ್ಲಿ ಆ ಹುಡುಗನ ಕೈ ನಡುಗಿತ್ತು, ಯಾರು ಬಲ್ಲರು? ಹುಡುಗ ಗೊತ್ತಿಲ್ಲದೆ ತಪ್ಪಿದ್ದ, ಇಡೀ ಮೈಯಿಂದ ತಪ್ಪಿದ್ದ. ಇವನ ಕೈಗೆ ಎಲ್ಲ ಗೊತ್ತು. ಬೇಕೆಂದ ತಪ್ಪನ್ನೂ ಅದು ನೇರವಾಗಿಯೇ ಮಾಡುತ್ತಿತ್ತು. ಹಣೆಯ ಬೆವರು ಪೆಟ್ಟಿಗೆಯೊಳಗೆ ತೊಟ್ಟಿಕ್ಕಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಬುದ್ಧಿ ಬಂದ ಮೇಲೆ ಕೆಡಿಸಲಾರದವನ ಪಾಡಿಗೆ ಗಾದೆ ಇಲ್ಲ. ಹೊರಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು. ಕಾವಲಿನವನು ಬಂದು ಇಣುಕಿ, "ಇನ್ನೂ ಎಷ್ಟು ಹೊತ್ತಮ್ಮಾ?" ಎಂದು ಹೋದ. ಎಷ್ಟನೆಯ ಸಲವೋ ಹಚ್ಚಿದ. ಈ ಸಲದ್ದು ಹತ್ತಿರ ಬಂತು. ಸ್ವರ ಅದೇ. ದಪ್ಪವೂ ಅದೇ. ಆದರೆ ಒಳಗಿನ ಆ ಸಣ್ಣ ನಡುಕ ಇರಲಿಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆ ಬಾರದೆ ನಡೆದಾಡುತ್ತಿರುವಂಥದ್ದು. ಮನುಷ್ಯ ಹೋಗಿ ಅವನ ಅಂಗಿ ಗೂಟದಲ್ಲಿ ತೂಗಾಡುತ್ತಿರುವ ಹಾಗಿತ್ತು.

ಅಕ್ಕ ಬಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಏಳು ಗಿಟಾರುಗಳ ನಲವತ್ತೆರಡು ತಂತಿಗಳಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ಹಿಡಿಯುವ ಕಿವಿ. ಬಹಳ ಹೊತ್ತು ಕೇಳಿದಳು. ಅವನು ಕಾದ ಕಡ್ಡಿಯನ್ನು ಹಿಡಿದುಕೊಂಡು, ಮುಂದಿನ ಇದಲ್ಲಕ್ಕೆ ಕಾಯುತ್ತ ನಿಂತಿದ್ದ.

"ಇದೇ ಕಣೋ," ಎಂದಳು ಅಕ್ಕ.

"ಇದೇನಾ?"

"ಹ್ಞೂ. ಮುಚ್ಚು. ಹೊತ್ತಾಯ್ತು, ಅಮ್ಮ ಕಾಯ್ತಿರ್ತಾಳೆ." ಅವನ ಕಡೆ ನೋಡದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಅವನು ಕಡ್ಡಿಯನ್ನು ಕೆಳಗಿಟ್ಟ. ಆರು ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡು ಪೆಟ್ಟಿಗೆಯ ಬೆನ್ನನ್ನು ಜಾಗಕ್ಕೆ ಕೂರಿಸಿ ಒಂದೊಂದೇ ಬಿಗಿದ. ಸ್ವಿಚ್ಚು ಆರಿಸಿರಲಿಲ್ಲ, ಬಿಗಿಯುವಷ್ಟು ಹೊತ್ತೂ ಅದು ಅವನ ಕೈಕೆಳಗೆ ಗುಂಯ್ಗುಡುತ್ತಲೇ ಇತ್ತು. ಆರನೆಯದನ್ನು ಬಿಗಿದ ಮೇಲೆ ಅವನೂ ಒಮ್ಮೆ ಬಾಗಿ, ಬಟ್ಟೆಗೆ ಕಿವಿ ಇಟ್ಟು ಕೇಳಿದ.

"ಹೌದಕ್ಕಾ," ಎಂದ, "ಇದೇ."